ಕಮೊಡೋರ್ 64ರ ‘ಪೈರೇಟ್ಸ್!’: ಗಾಳಿ ಕೈಕೊಟ್ಟರೆ ಕಷ್ಟ

1987ರಲ್ಲಿ ಮೈಕ್ರೋಪ್ರೋಸ್ ಕಂಪನಿ ತಂದ ‘ಸಿಡ್ ಮೈಯರ್ಸ್ ಪೈರೇಟ್ಸ್!’ ಎಂಬ ಕಡಲ್ಗಳ್ಳರ ಆಟವನ್ನು ನಾನು ಈಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೆಯ ಕಂಪ್ಯೂಟರಿನಂತೆ ವರ್ತಿಸುವ ತಂತ್ರಾಂಶ) ಹಾಕಿಕೊಂಡು ಆಡುತ್ತಿದ್ದೇನೆ. ಆಟ ಮೂಲದಲ್ಲಿ ಓಡುತ್ತಿದ್ದ ಕಮೊಡೋರ್ 64 ಎಂಬ ಹಳೆಯ ಕಂಪ್ಯೂಟರಿನ ಮೆಮೊರಿ ಬರೀ 64 ಕೆಬಿ. ಅಷ್ಟರಲ್ಲೇ ಇಡೀ ಕೆರಿಬಿಯನ್ ಸಮುದ್ರ!

ಇಂಗ್ಲಿಷ್, ಫ್ರೆಂಚ್, ಡಚ್, ಸ್ಪ್ಯಾನಿಷ್, ಯಾರ ಕಡೆ ಬೇಕಾದರೂ ಸೇರಬಹುದು. ಕಾಲವನ್ನೂ ಆರಿಸಿಕೊಳ್ಳಬೇಕು. ನನ್ನ ಮಾತು ಕೇಳುವುದಾದರೆ 1660 ತಗೊಳ್ಳಿ. 1560ರಲ್ಲಿ ಎಲ್ಲಿ ನೋಡಿದರೂ ಸ್ಪೇನಿನ ಊರುಗಳೇ. ಹೊಸಬರಿಗೆ ಸುಮ್ನೆ ತಲೆನೋವು.

ಆಟದ ಜೀವಾಳ ಗಾಳಿ. ಅದು ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಪಶ್ಚಿಮಕ್ಕೆ ಜುಮ್ಮೆಂದು ಹೋದ ಹಡಗು ವಾಪಸ್ ಬರುವಾಗ ತೆವಳುತ್ತದೆ. ಅಷ್ಟರಲ್ಲಿ ಊಟ ಖಾಲಿಯಾಗುತ್ತದೆ, ಹಡಗಿನ ಜನ ಗೊಣಗತೊಡಗುತ್ತಾರೆ. ಲೂಟಿ ಹಂಚಿದರೆ ಎಲ್ಲರಿಗೂ ಖುಷಿ. ಆದರೆ ಪಾಲು ಸಿಕ್ಕಿದ ಮೇಲೆ ಅವರು ತಮ್ಮ ದಾರಿ ಹಿಡಿಯುತ್ತಾರೆ! ಮತ್ತೆ ಹೆಂಡದಂಗಡಿಗೆ ಹೋಗಿ ಹೊಸಬರನ್ನು ಹುಡುಕಬೇಕು. ಈ ಹಗ್ಗಜಗ್ಗಾಟವೇ ನನಗೆ ಜಾಸ್ತಿ ಇಷ್ಟ.

ಕತ್ತಿಗಳು ಮೂರು. ರೇಪಿಯರ್ ಉದ್ದ, ಏಟು ಹಗುರ. ಕಟ್ಲಾಸ್ ಗಿಡ್ಡ, ಆದರೆ ಬಿದ್ದರೆ ಜೋರಾಗಿ ಬೀಳುತ್ತದೆ. ಮೂರನೆಯದು ಇವೆರಡರ ನಡುವೆ. ಸೂರ್ಯನನ್ನು ನೋಡಿ ಹಡಗು ಯಾವ ಅಕ್ಷಾಂಶದಲ್ಲಿದೆ ಎಂದು ಲೆಕ್ಕ ಹಾಕುವ ಭಾಗ ಮಾತ್ರ ಬೋರು.

ಕೈಪಿಡಿ ಇಲ್ಲದೆ ಶುರು ಮಾಡಬೇಡಿ. ಸ್ಪೇನಿನ ಬೆಳ್ಳಿ ಯಾವ ಊರಿಗೆ ಯಾವ ತಿಂಗಳು ಬರುತ್ತದೆ ಎಂದು ಆಟ ಮೊದಲಿಗೇ ಕೇಳುತ್ತದೆ, ಉತ್ತರ ಕೈಪಿಡಿಯಲ್ಲಿದೆ. ಕದ್ದು ನಕಲು ಮಾಡುವವರನ್ನು ತಡೆಯಲು ಇಟ್ಟ ಪ್ರಶ್ನೆ ಅದು. ಕಡಲ್ಗಳ್ಳರ ಆಟಕ್ಕೂ ಕಳ್ಳರ ಭಯ, ಅಲ್ವಾ? ಜಾಯ್‌ಸ್ಟಿಕ್ ಇದ್ದರೆ ಅದರಲ್ಲೇ ಆಡಿ. ಕತ್ತಿ ಬೀಸಲು ಕೀಬೋರ್ಡ್ ಸರಿಹೋಗುವುದಿಲ್ಲ.