ಪಿಲ್ಲರ್ ಮೇಲೆ 52 ಮಿ.ಮೀ. ಬೂಸ್ಟ್ ಗೇಜ್: ಗೇಜ್ ಚೆನ್ನ, ಕೆಲಸವೆಲ್ಲ ಪಾಡ್‌ನದು

ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಎಇಎಂ ಎಕ್ಸ್-ಸೀರೀಸ್ ಬೂಸ್ಟ್ ಗೇಜ್ ಬಗ್ಗೆ ತಕರಾರು ಏನೂ ಇಲ್ಲ. 52 ಮಿ.ಮೀ. ಅಳತೆ, ನಡುವೆ ದೊಡ್ಡ ಅಂಕಿ, ಸುತ್ತ ಎಲ್‌ಇಡಿ ಉಂಗುರ. ದಪ್ಪ ಒಂದು ಇಂಚಿಗಿಂತ ಕಡಿಮೆ ಇರುವುದರಿಂದ ಹಿಂದೆ ವೈರ್ ತಿರುಗಿಸಲು ಜಾಗ ಉಳಿಯುತ್ತದೆ. ಎ-ಪಿಲ್ಲರ್‌ನಲ್ಲಿ, ಅಂದರೆ ಮುಂಗಾಜಿನ ಪಕ್ಕದ ಕಂಬದಲ್ಲಿ, ಕೂರಿಸುವಾಗ ಬೇಕಾದದ್ದೇ ಅದು. ಆದರೆ ಅದರ ಜೊತೆ ಕೆಲವು ನೂರು ರೂಪಾಯಿಗೆ ಸಿಗುವ ಯೂನಿವರ್ಸಲ್ ಪಾಡ್ (ಗೇಜ್ ಕೂರುವ ಪ್ಲಾಸ್ಟಿಕ್ ಬಟ್ಟಲು) ಕೊಂಡು ಎರಡು ಸ್ಕ್ರೂ ಹೊಡೆದರೆ, ಅಷ್ಟು ಒಳ್ಳೆಯ ಗೇಜ್ ಕೂಡ ಕಾರಿಗೆ ಅಂಟಿಸಿದ ಆಟಿಕೆಯಂತೆ ಕಾಣುತ್ತದೆ. ಹಣಕ್ಕಿಂತ ಹೆಚ್ಚಾಗಿ ಸಮಯವನ್ನು ಪಾಡ್‌ಗೆ ಕೊಡಬೇಕು.

ಮೊದಲು ಪಿಲ್ಲರ್ ಟ್ರಿಮ್ (ಕಂಬದ ಪ್ಲಾಸ್ಟಿಕ್ ಹೊದಿಕೆ) ಮೇಲೆ ಏರ್‌ಬ್ಯಾಗ್ ಎಂಬ ಅಚ್ಚು ಇದೆಯೇ ನೋಡಿ. ಇದ್ದರೆ ಅಲ್ಲಿಗೇ ನಿಲ್ಲಿಸಿ. ಕರ್ಟನ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಪಾಡ್ ಇದ್ದರೆ ಬ್ಯಾಗ್ ತಡೆಯಬಹುದು, ಇಲ್ಲವೇ ಪಾಡ್ ಮುಖಕ್ಕೆ ಹಾರಿಬರಬಹುದು. ಅಂಥ ಕಾರಿಗೆ ಸ್ಟೀರಿಂಗ್ ಕಾಲಮ್ ಪಾಡ್ ಅಥವಾ ಎಸಿ ವೆಂಟ್ ಪಾಡ್ ಸರಿ. ಮುಂದೆ ಎರಡೇ ಏರ್‌ಬ್ಯಾಗ್ ಇರುವ ಹಳೆಯ ಪೋಲೋ ಜಿಟಿ ಟಿಎಸ್‌ಐನಂಥ ಕಾರಿಗೆ ಪಿಲ್ಲರ್ ಒಗ್ಗುತ್ತದೆ. ಅಲ್ಲಿಯೂ ಒಂದೇ ಪಾಡ್ ಸಾಕು. ಮೂರು ಗೇಜ್‌ಗಳ ಸಾಲು ಇಟ್ಟರೆ ಬಲಕ್ಕೆ ತಿರುಗುವಾಗ ಒಂದು ಬೈಕ್ ಪೂರ್ತಿ ಮರೆಯಾಗುವಷ್ಟು ಪಿಲ್ಲರ್ ದಪ್ಪವಾಗುತ್ತದೆ.

ಮೂಲ ಟ್ರಿಮ್ ಎತ್ತಿಟ್ಟು, ಇನ್ನೊಂದನ್ನು ಕೊಂಡು ಅದರ ಮೇಲೆ ಕೆಲಸ ಮಾಡಿ. ಅದರ ಹಿಂಬದಿಯಲ್ಲಿ ಪ್ಲಾಸ್ಟಿಕ್‌ನ ಹೆಸರು ಅಚ್ಚಾಗಿರುತ್ತದೆ. ಹೆಚ್ಚಿನ ಪಾಡ್ ಕೆಲಸ ಕೆಡುವುದು ಇದನ್ನು ಓದದೆ ಇದ್ದುದಕ್ಕೆ. ಎಬಿಎಸ್ ಎಂದಿದ್ದರೆ ಕೆಲಸ ಸುಲಭ: ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಜೇನಿನಂತೆ ಮಂದವಾದ ಪೇಸ್ಟ್ ಆಗುತ್ತದೆ, ಪಾಡ್ ಕೂಡ ಎಬಿಎಸ್ ಆಗಿದ್ದರೆ ಅದು ಮತ್ತು ಟ್ರಿಮ್ ಇದರಿಂದ ಕರಗಿ ಒಂದಾಗುತ್ತವೆ. ಒಂದು ಸಲಕ್ಕೆ 2 ಮಿ.ಮೀ.ಗಿಂತ ದಪ್ಪ ಹಚ್ಚಬೇಡಿ, ಪದರಗಳ ನಡುವೆ ಒಂದು ದಿನ ಬಿಡಿ. ಒಳಗೆ ಅಸಿಟೋನ್ ಉಳಿದರೆ ಬಣ್ಣ ಹೊಡೆದು ವಾರಗಳಾದ ಮೇಲೆ ಅದು ಆರಿ, ಮೇಲ್ಮೈ ಕುಗ್ಗಿ ಗುಳಿ ಬೀಳುತ್ತದೆ. ಪಿಪಿ ಎಂದಿದ್ದರೆ ಈ ಪೇಸ್ಟೂ ಹಿಡಿಯದು, ಸಾಮಾನ್ಯ ಪುಟ್ಟಿಯೂ ಹಿಡಿಯದು. ಹಿಂದಿನಿಂದ ಮೂರು ಸಣ್ಣ ಸ್ಕ್ರೂ ಹಾಕಿ, 80 ನಂಬರ್ ಉಪ್ಪುಕಾಗದದಿಂದ ಗೀರಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಬಾಗಿದರೂ ಬಿರಿಯದ ಬಂಪರ್ ಪುಟ್ಟಿಯನ್ನೇ ಬಳಸಬೇಕು. ಎಪಾಕ್ಸಿ ಉಂಡೆ ಮೆತ್ತಿದರೆ ಟ್ರಿಮ್ ಬಾಗಿಸಿ ಕ್ಲಿಪ್‌ಗೆ ಒತ್ತುವಾಗಲೇ ಬಿರುಕು ಬಿಡುತ್ತದೆ.

ಅಂಟಿಸುವ ಮುನ್ನ ಟ್ರಿಮ್ಮನ್ನು ಕಾರಿನಲ್ಲಿ ಕೂರಿಸಿ, ಪಾಡನ್ನು ಮಾಸ್ಕಿಂಗ್ ಟೇಪಿನಿಂದ ನಿಲ್ಲಿಸಿ, ಓಡಿಸುವವರೇ ತಮ್ಮ ಸೀಟಿನಲ್ಲಿ ಕೂತು ಕೋನ ನೋಡಲಿ. ಮೇಜಿನ ಮೇಲಿಟ್ಟು ಅಂದಾಜಿಗೆ ಅಂಟಿಸಿದ ಪಾಡ್ ಹಿಂದಿನ ಸೀಟಿನತ್ತ ನೋಡುತ್ತಿರುತ್ತದೆ.

ಪಾಡ್ ಟ್ರಿಮ್ಮಿಗೆ ಸೇರುವ ಕಣಿವೆಯನ್ನು ಕನಿಷ್ಠ 10 ಮಿ.ಮೀ. ತ್ರಿಜ್ಯದ ದುಂಡಗಿನ ಇಳಿಜಾರಾಗಿ ಮಾಡಿ. ಚೂಪು ಮೂಲೆ ಉಳಿಸಿದರೆ ಕೊನೆಗೆ ಮೇಲೆ ಅಂಟಿಸುವ ಹೊದಿಕೆ ಬಟ್ಟೆ ಎಳೆದು ನಿಲ್ಲುತ್ತದೆ, ಬಿಸಿಲಿಗೆ ಅಂಟು ಮೆತ್ತಗಾದ ಕೂಡಲೇ ಮೇಲೆದ್ದು ಗುಳ್ಳೆಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್ 70 ಡಿಗ್ರಿಯ ಹತ್ತಿರ ಹೋಗುವುದುಂಟು. ಆದ್ದರಿಂದ ಶಾಖ ತಡೆಯುವ ಅಂಟನ್ನೇ ಕೊಳ್ಳಿ. ಎರಡೂ ಬದಿಗೆ ಹಚ್ಚಿ, ಜಿಗುಟಾಗಿದ್ದೂ ಬೆರಳಿಗೆ ಹತ್ತದಂತಾದಾಗ ಬಟ್ಟೆಯನ್ನು ಮೊದಲು ಕಣಿವೆಗೆ ಒತ್ತಿ, ಅಲ್ಲಿಂದ ಹೊರಕ್ಕೆ ಸವರಿಕೊಂಡು ಹೋಗಿ. ಅಂಚಿನಿಂದ ಶುರುಮಾಡಿದರೆ ಕಣಿವೆಗೆ ಬಟ್ಟೆ ಸಾಲದು. ಬಟ್ಟೆ ಬೇಡ, ಬಣ್ಣವೇ ಸಾಕು ಎನ್ನುವವರು 120, 220, 400 ನಂಬರ್ ಕ್ರಮದಲ್ಲಿ ತೀಡಿ, ಪ್ರೈಮರ್ ಹೊಡೆದು, ಒರಟು ಮೈ ಕೊಡುವ ಟೆಕ್ಸ್ಚರ್ ಬಣ್ಣ ಬಳಸಲಿ. ನುಣುಪಾದ ಕಪ್ಪು ರಾತ್ರಿ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಬಣ್ಣ ತೂತಿನ ಒಳಗೂ ಕೂತು ಅಳತೆ ಬಿಗಿಯಾಗುತ್ತದೆ. ಗೇಜನ್ನು ಬಲವಂತವಾಗಿ ತುರುಕದೆ ತೂತಿನ ಒಳಮೈ ತೀಡಿ.

ವೈರಿಂಗ್ ಹೆಚ್ಚೇನಿಲ್ಲ. ಇಗ್ನಿಷನ್ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ನಿಂದ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಕವಲು ತೆಗೆಯುವ ತುಂಡು) ಮೂಲಕ ತೆಗೆದುಕೊಳ್ಳಿ. ಸೆನ್ಸರ್‌ನ ಗ್ರೌಂಡ್ ವೈರನ್ನು ಗೇಜ್‌ಗೇ ಕೊಡಿ, ಕಾರಿನ ಲೋಹದ ಮೈಗೆ ಕೊಟ್ಟರೆ ಅಂಕಿ ಕುಣಿಯುತ್ತದೆ. ಪಿಲ್ಲರ್ ಹತ್ತಿರ ಒಂದು ಕನೆಕ್ಟರ್ ಮತ್ತು 15 ಸೆ.ಮೀ. ಹೆಚ್ಚುವರಿ ವೈರ್ ಇದ್ದರೆ ಮುಂದೆ ಟ್ರಿಮ್ ತೆಗೆಯುವವರು ನಿಮ್ಮನ್ನು ನೆನೆಯುತ್ತಾರೆ. ಕಂತೆಗೆ ಬಟ್ಟೆ ಟೇಪ್ ಸುತ್ತಿ, ಇಲ್ಲದಿದ್ದರೆ ಪ್ರತಿ ಹಂಪ್‌ನಲ್ಲೂ ಕಟಕಟ ಎನ್ನುತ್ತದೆ.

35 ಪಿಎಸ್‌ಐ ಮಾದರಿಯ ಜೊತೆ ಬರುವ 3.5 ಬಾರ್ ಸೆನ್ಸರ್‌ನ ಮರೆ (ಸ್ಕ್ರೂವಿನಂಥ ಸುತ್ತು) ಅಮೆರಿಕದ ಪೈಪ್ ಅಳತೆಯಾದ 1/8 ಎನ್‌ಪಿಟಿ, ಅಂದರೆ ಇಂಚಿಗೆ 27 ಸುತ್ತು. 28 ಸುತ್ತಿನ ಬ್ರಿಟಿಷ್ ಅಳತೆಯ ಬಿಎಸ್‌ಪಿಟಿ ಅಡಾಪ್ಟರ್ ಕೂಡ ಮೊದಲೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಮರೆ ಕಿತ್ತು ಸೋರುತ್ತದೆ. ಒತ್ತಡವನ್ನು ಥ್ರಾಟಲ್ (ಗಾಳಿಯ ಕವಾಟ) ದಾಟಿದ ಮೇಲೆ, ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಿಂದಲೇ ತೆಗೆದುಕೊಳ್ಳಿ. ಅದಕ್ಕೂ ಮುಂಚೆ ತೆಗೆದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಕಾಣುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಎತ್ತರಕ್ಕೆ ಸರಿಹೊಂದಿಸಿಕೊಳ್ಳದ ಗೇಜ್ ಆದರೆ ಎಂಜಿನ್ ನಿಂತಿದ್ದಾಗ ಸೊನ್ನೆಗಿಂತ ಸುಮಾರು 3 ಇಂಚು ಪಾದರಸ ಕೆಳಗೆ ತೋರಿಸುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಬದಲಾಯಿಸಬೇಡಿ.

ಇಷ್ಟನ್ನೂ ಸ್ವತಃ ಮಾಡಲಾಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಒಳಾಂಗಣದ ಕೆಲಸಗಾರರು ಬೇಕಾದಷ್ಟು ಸಿಗುತ್ತಾರೆ. ನಿನ್ನೆ ಮುಗಿಸಿದ ಕೆಲಸದ ಫೋಟೋ ನೋಡಿ ಒಪ್ಪಬೇಡಿ. ಒಂದು ಬೇಸಿಗೆ ದಾಟಿದ ಪಾಡ್ ತೋರಿಸಿ ಎಂದು ಕೇಳಿ, ಕಣಿವೆಯಲ್ಲಿ ಬೆರಳು ಒತ್ತಿ ನೋಡಿ. ಬಟ್ಟೆ ಅಲುಗದಿದ್ದರೆ ಮುಂಗಡ ಕೊಡಿ.