ಕರ್ಲಿಯೋ, ವೇಬ್ಯಾಕ್ ಮಶೀನೋ?

ಸರ್, ಗೂಗಲ್‌ಗಿಂತ ಮುಂಚೆ ಮಂದಿ ವೆಬ್‌ಸೈಟ್ ಹ್ಯಾಗೆ ಹುಡುಕ್ತಿದ್ರು ಅಂತ ಯಾದಗಿರಿಯ ಡಿಗ್ರಿ ಹುಡುಗರಿಗೆ ತೋರಿಸಲು ಕರ್ಲಿ ಎಂಬ ವೆಬ್‌ತಾಣಗಳ ಪಟ್ಟಿ, ಹಳೆಯ ವೆಬ್ ಪುಟಗಳನ್ನು ಕೂಡಿಟ್ಟ ವೇಬ್ಯಾಕ್ ಮಶೀನ್, ಇವೆರಡರಲ್ಲಿ ಯಾವುದು ಅನುಕೂಲ ಎಂದು ಕೇಳಿದ್ದೀರಿ. ಖರ್ಚಿನ ಮಾತೇ ಇಲ್ಲ, ಎರಡೂ ಪುಕ್ಕಟೆ.

ಹುಡುಕುವ ರೀತಿಯಲ್ಲಿದೆ ನಿಜವಾದ ವ್ಯತ್ಯಾಸ. 1998ರಿಂದ 2017ರವರೆಗೆ ನಡೆದ ಡಿಮೋಜ್ ಡೈರೆಕ್ಟರಿಯ ಮುಂದುವರಿಕೆಯೇ ಕರ್ಲಿ. ಇಲ್ಲಿ ತಾಣಗಳನ್ನು ಆರಿಸಿ ವಿಂಗಡಿಸುವವರು ಮನುಷ್ಯರು. ಬೀದರ್‌ ಬಗ್ಗೆ ಬೇಕೆಂದರೆ ಏಷ್ಯಾ, ಭಾರತ, ಕರ್ನಾಟಕ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಯಾಹೂ ಶುರುವಾದದ್ದೂ ಇದೇ ದಾರಿಯಲ್ಲಿ. ಆದರೆ ಕೆಲವು ಲಿಂಕ್ ಸತ್ತಿರುತ್ತವೆ, ಪುಟದ ಚಹರೆಯೂ ಹಳೆಯದಲ್ಲ.

ಹಳೆಯ ಚಹರೆಯೇ ಬೇಕಾದರೆ ವೇಬ್ಯಾಕ್. ಯಾಹೂ ವಿಳಾಸ ಹಾಕಿ 1996ರ ಅಕ್ಟೋಬರ್ ಒತ್ತಿದರೆ ಆಗಿನ ಮುಖಪುಟ ತೆರೆದುಕೊಳ್ಳುತ್ತದೆ. ಚಿತ್ರಗಳು ಕೆಲವೆಡೆ ಮಾಯ. 1995ರಲ್ಲಿ ಶುರುವಾದ ಆಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್‌ನ ಹಳೆಯ ಪುಟವೂ ಸಿಗಬಹುದು, ಆದರೆ ಅದರಲ್ಲಿ ಪದ ಹಾಕಿ ಹುಡುಕುವ ಆಸೆ ಬೇಡ. ಅದು ಬರೀ ಫೋಟೊ ಇದ್ದಂತೆ. ವಿಳಾಸ ಗೊತ್ತಿರದಿದ್ದರೆ ಪರದಾಟ.

ಕಾಲೇಜಿನ ನೆಟ್ ನಿಧಾನವಿದ್ದರೆ, ಹುಡುಗರೇ ಕೈಯಾಡಿಸಬೇಕಿದ್ದರೆ ಕರ್ಲಿ ತೆರೆಯಿರಿ. ಪ್ರೊಜೆಕ್ಟರ್‌ನಲ್ಲಿ ನೀವೊಬ್ಬರೇ ತೋರಿಸುವುದಾದರೆ ವೇಬ್ಯಾಕ್. ಪುಟಗಳನ್ನು ಮಾತ್ರ ಹಿಂದಿನ ರಾತ್ರಿಯೇ ತೆರೆದಿಟ್ಟುಕೊಳ್ಳಿ, ಅದು ಸಾವಕಾಶ ಬರುತ್ತದೆ.