ಮುಂದೇನು ಓದೋದು: ಆ್ಯಪ್ ಸಲಹೆಯೋ, ಗ್ರಂಥಾಲಯ ಸಿಬ್ಬಂದಿಯ ಮಾತೋ?

ಆ್ಯಪ್ ನಿಮ್ಮ ಹಳೆಯ ಆಯ್ಕೆಗಳನ್ನೂ, ನಿಮ್ಮಂಥವರ ಆಯ್ಕೆಗಳನ್ನೂ ನೋಡಿ ಮುಂದಿನದನ್ನು ತೋರಿಸುತ್ತದೆ. ಹಾಡು, ಸರಣಿಗಳಿಗೆ ಇಷ್ಟು ಸಾಕು. ಹಿಡಿಸದಿದ್ದರೆ ಮುಂದಿನದಕ್ಕೆ ಹೋದರಾಯ್ತು.

ಪುಸ್ತಕದ ಮಾತು ಬೇರೆ. ಅದಕ್ಕೆ ದಿನಗಟ್ಟಲೆ ಸಮಯ ಕೊಡಬೇಕು, ಅಲ್ವಾ? ಇಲ್ಲಿ ನನ್ನ ಓಟು ಸಿಬ್ಬಂದಿಗೇ. ಒಳ್ಳೆಯ ಲೈಬ್ರೇರಿಯನ್ ಸುಮ್ನೆ ಹೆಸರು ಹೇಳಿ ಕಳಿಸುವುದಿಲ್ಲ. "ಇತ್ತೀಚೆಗೆ ಯಾವುದು ಇಷ್ಟವಾಯ್ತು? ಯಾವುದನ್ನು ಅರ್ಧಕ್ಕೆ ಬಿಟ್ರಿ? ಯಾಕೆ?" ಅಂತ ಕೇಳುತ್ತಾರೆ. ಕಥೆ ನಿಧಾನ ಅಂತ ಬಿಟ್ಟಿರೋ, ದುಃಖ ಜಾಸ್ತಿ ಅಂತ ಬಿಟ್ಟಿರೋ, ಆ್ಯಪ್‌ಗೆ ಗೊತ್ತಾಗೋದು ಕಷ್ಟ. ಸಿಬ್ಬಂದಿ ಮೆಚ್ಚಿದ ಪುಸ್ತಕಗಳ ಕಪಾಟಿದ್ದರೆ, ಅಲ್ಲಿ ಸಿಕ್ಕಿಸಿರುವ ಚೀಟಿಗಳನ್ನು ಓದಿ. "ಅದ್ಭುತ" ಅಂತಷ್ಟೇ ಇದ್ದರೆ ಏನೂ ತಿಳಿಯದು. "ಮೊದಲ ಐವತ್ತು ಪುಟಕ್ಕೆ ತಾಳ್ಮೆ ಬೇಕು, ಆಮೇಲೆ ಕೆಳಗಿಡೋಕಾಗಲ್ಲ" ಅಂತಿದ್ದರೆ ಓದಿದವರೇ ಬರೆದದ್ದು. ಒಬ್ಬರ ಚೀಟಿ ಎರಡು ಸಲ ನಿಮ್ಮ ರುಚಿಗೆ ಹೊಂದಿತೋ, ಮುಂದಿನ ಸಲ ಅವರನ್ನೇ ಹುಡುಕಿ ಮಾತಾಡಿಸಿ.

ಸಂಶೋಧನೆಗೆ ಆನ್‌ಲೈನ್ ಹುಡುಕಾಟ, ಸಿಬ್ಬಂದಿಯ ಸಹಾಯ ಎರಡೂ ಬೇಕು. ಸಂಶೋಧನಾ ಲೇಖನಗಳಿಗೆಂದೇ 2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್‌ನಲ್ಲಿ ಹುಡುಕೋದು ಸುಲಭ. ಆದರೆ ಎಷ್ಟೋ ಲೇಖನ ತೆರೆಯಲು ದುಡ್ಡು ಕೇಳುತ್ತವೆ. ಗ್ರಂಥಾಲಯ ಜೆಸ್ಟೋರ್‌ನಂಥ ಆನ್‌ಲೈನ್ ಲೇಖನ ಸಂಗ್ರಹಕ್ಕೆ ಚಂದಾ ಕಟ್ಟಿದೆಯೇ, ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಬಹುದೇ ಅನ್ನೋದನ್ನು ಸಿಬ್ಬಂದಿ ಹೇಳುತ್ತಾರೆ. ಉಚಿತವಾಗಿ ಓದಬಹುದಾದ ಸಂಶೋಧನಾ ಪತ್ರಿಕೆಗಳಿಗೆ ಡಿಒಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಅನ್ನೋ ಆನ್‌ಲೈನ್ ಪಟ್ಟಿಯೂ ಇದೆ. ಹೋಗುವಾಗ ಬರೀ ವಿಷಯದ ಹೆಸರು ಬೇಡ, ನಿಮ್ಮ ಪ್ರಶ್ನೆಯನ್ನೇ ಪೂರ್ತಿಯಾಗಿ ಬರೆದುಕೊಂಡು ಹೋಗಿ.